ಒಂದು ಹಳ್ಳ, ಮೂರು ವರದಿ

ಸಿಂಧನೂರು
೨೪ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಅಕ್ಕ ಅಮರೇಶ್ವರಿಗೆ,

ನಿನ್ನ ತಂಗಿ ಉಮಾದೇವಿಯ ನಮಸ್ಕಾರ. ಗಂಗಾವತಿಯಲ್ಲಿ ನೀನು, ಮಾವ, ಮಕ್ಕಳು ಎಲ್ಲರೂ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೊಣಕಾಲು ನೋವು ಹೇಗಿದೆ? ಮಹಡಿ ಹತ್ತುವುದನ್ನು ಕಡಿಮೆ ಮಾಡು ಎಂದರೆ ನೀನು ಕೇಳುವವಳಲ್ಲ. ನಾವಿಲ್ಲಿ ಚೆನ್ನಾಗಿಯೇ ಇದ್ದೇವೆ.

ಫೋನು ಕೈಯಲ್ಲೇ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಬೇಸಿಗೆಯಲ್ಲಿ ನೀನು ಕೇಳಿದ್ದೆ, “ಉಮಾ, ಊರಾಗ ಏನ್ ಮಾಡಿ ಬಂದಿ? ತಮ್ಮ ವಿರೇಶ ನಿನ್ನ ಹೆಸರು ತೆಗದ್ರ ಎದ್ದು ಹೊರಗ ಹೋಗ್ತಾನ” ಅಂತ. “ಆಮ್ಯಾಲ ಹೇಳ್ತೀನಿ” ಎಂದು ಫೋನಿಟ್ಟವಳು ಇಷ್ಟು ದಿನ ಸುಮ್ಮನಿದ್ದುಬಿಟ್ಟೆ. ಕ್ಷಮಿಸು. ಎಲ್ಲಿಂದ ಶುರು ಮಾಡಿದರೂ ಒಂದೋ ನಾನೇ ಸರಿ ಎಂದಂತಾಗುತ್ತಿತ್ತು, ಇಲ್ಲವೇ ನಾನೇ ತಪ್ಪು ಎಂದಂತಾಗುತ್ತಿತ್ತು. ಎರಡೂ ನನಗೆ ಖಾತ್ರಿಯಿಲ್ಲ. ನಡುವೆ ನೀನು ಬಾಯಿ ಹಾಕದೆ ಪೂರ್ತಿ ಕೇಳಬೇಕೆಂದರೆ ಕಾಗದವೇ ವಾಸಿ ಅನ್ನಿಸಿತು.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನೀನು “ಆಕಿ ನೀರು ನೋಡ್ತಾಳ” ಎನ್ನುತ್ತೀಯಲ್ಲ, ಅದು ಸುಳ್ಳಲ್ಲ. ಒಂದು ಕಡೆ ಕಾರ್ಖಾನೆ ಬರುವ ಮೊದಲು ಅಲ್ಲಿಯ ನೀರಿಗೆ, ನೆಲಕ್ಕೆ, ಗಾಳಿಗೆ ಏನಾದೀತು ಎಂದು ಪರೀಕ್ಷಿಸಿ ವರದಿ ಬರೆಯುವುದು ನಮ್ಮ ಹೊಟ್ಟೆಪಾಡು. ಅದನ್ನು ನೋಡಿ ಸರ್ಕಾರ ಒಪ್ಪಿಗೆ ಕೊಡುತ್ತದೆ, ಇಲ್ಲವೆ ಬಿಡುತ್ತದೆ. ಈ ಸುತ್ತಿನಲ್ಲಿ ಇದೇ ಕೆಲಸದವರು ಇನ್ನಿಬ್ಬರಿದ್ದಾರೆ. ಲಿಂಗಸುಗೂರಿನ ಕರಿಬಸಪ್ಪ ಸರ್ ಮಣ್ಣು, ಅಂತರ್ಜಲ ಬಲ್ಲವರು, ತಲೆಯೆಲ್ಲ ಬೆಳ್ಳಗಾದ ಹಿರಿಯರು. ಮಸ್ಕಿಯ ಅಸದ್ ನೀರು ಪರೀಕ್ಷೆಯ ಸಣ್ಣ ಲ್ಯಾಬ್ ಇಟ್ಟುಕೊಂಡವನು. ಮೂವರಿಗೂ ಪರಿಚಯವಿತ್ತು, ಆದರೆ ಒಬ್ಬರ ಅಂಕಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೆಲಸ ಕೊಟ್ಟವರ ಗುಟ್ಟು ಕಾಯುವುದೇ ನಮ್ಮಲ್ಲಿ ಮರ್ಯಾದೆ.

ಕಳೆದ ದೀಪಾವಳಿಯ ಹೊತ್ತಿಗೆ ಲಿಂಗಸುಗೂರಿನ ತಾಲ್ಲೂಕು ಕಚೇರಿಯಲ್ಲಿ ಮೂವರೂ ಒಟ್ಟಿಗೆ ಸಿಕ್ಕೆವು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಮಾತಾಡುವಾಗ ಒಂದು ಸಂಗತಿ ಹೊರಬಿತ್ತು. ಮೂವರೂ ಒಂದೇ ಹಳ್ಳದ ನೀರು ಅಳೆಯುತ್ತಿದ್ದೆವು. ಅದೂ ನಮ್ಮ ತವರೂರು ಬಳಗಾನೂರಿನ ಹಳ್ಳ! ನನ್ನದು ಅಕ್ಕಿ ತೌಡಿನ ಎಣ್ಣೆ ಗಿರಣಿ, ಅಸದ್‌ನದು ಭತ್ತದ ಹುಲ್ಲಿನಿಂದ ರಟ್ಟು ಮಾಡುವ ಕಾರ್ಖಾನೆ, ಸರ್ ಅವರದು ನುಚ್ಚಕ್ಕಿಯಿಂದ ಎಥನಾಲ್ ತೆಗೆಯುವುದು. ಮೂರೂ ತಮ್ಮ ಹೊಲಸು ನೀರನ್ನು ಶುದ್ಧ ಮಾಡಿ ಅದೇ ಹಳ್ಳಕ್ಕೆ ಬಿಡುವಂಥವು. ಹಳ್ಳ ಇಷ್ಟನ್ನು ತಾಳೀತು ಎಂದು ಮೂವರೂ ಬೇರೆ ಬೇರೆಯಾಗಿ ಬರೆದಿದ್ದೆವು. ಒಂದೇ ಕೊಡದ ನೀರನ್ನು ಮೂರು ಮನೆಯವರು ನೋಡಿ, “ನಮಗೆ ಸಾಕಾಗ್ತದೆ” ಎಂದು ಹೋದಂತೆ.

ಅಸದ್ ಗ್ಲಾಸು ಕೆಳಗಿಟ್ಟು, “ಉಮಕ್ಕಾ, ನಮ್ಮ ಮೂರೂ ವರದಿ ಖರೆ ಅದಾವು. ಮೂರೂ ಕೂಡಿಸಿದ್ರ ಸುಳ್ಳಾಗ್ತಾವ ನೋಡ್ರಿ” ಎಂದ. ನೀರಿನ ಅಂಕಿಗಳನ್ನೆಲ್ಲ ಒಂದು ಕಡೆ ಇಟ್ಟು ಜಂಟಿಯಾಗಿ ವರದಿ ಬರೆಯೋಣ ಎನ್ನುವುದು ಅವನ ಮಾತು.

ಸರ್ ಒಪ್ಪಲಿಲ್ಲ. “ಲೇ ಅಸದ್, ನಾವು ಡಾಕ್ಟರ್ ಇದ್ದಂಗ. ಒಬ್ಬನ ರೋಗ ಇನ್ನೊಬ್ಬನ ಮುಂದ ಹೇಳಬಾರ್ದು.”

“ಮೂರು ಮಂದಿಗೂ ಒಂದ ಬಾವಿ ನೀರಿಂದ ರೋಗ ಬಂದಿದ್ರ ಏನ್ ಮಾಡ್ತೀರಿ ಸರ್?”

ಸರ್ ಚಹಾ ಮುಗಿಸಿದರು. ಆಮೇಲೆ, ಮಾಲೀಕರಿಗೆ ತಿಳಿಸಿ, ಹಳ್ಳದ ನೀರಿನ ಅಂಕಿಗಳನ್ನಷ್ಟೇ ಹಂಚಿಕೊಳ್ಳೋಣ ಎಂದರು. ಅವರು ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವರಲ್ಲ. ಕೊಪ್ಪಳ, ಬಳ್ಳಾರಿ, ಅತ್ತ ಕರ್ನೂಲಿನಿಂದಲೂ ನಮ್ಮ ಕೆಲಸದವರನ್ನು ಲಿಂಗಸುಗೂರಿಗೆ ಕರೆಸಿ ಒಂದು ಸಭೆ ಮಾಡಿದರು. ಕರ್ನೂಲಿನಾತ ತೆಲುಗು ಬೆರೆತ ಕನ್ನಡದಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ. ನಿಮ್ಮ ವರದಿ ಜಿಲ್ಲೆಯ ಗಡಿಗೆ ನಿಲ್ಲುತ್ತದೆ, ನಿಮ್ಮ ಹಳ್ಳದ ನೀರು ಹೊಳೆ ಸೇರಿ ನಮ್ಮೂರ ತನಕ ಬರುತ್ತದೆ ಎಂದ. ಇನ್ನು ಮೇಲೆ ಎಲ್ಲರೂ ಅಂಕಿ ಹಂಚಿಕೊಳ್ಳೋಣ ಎಂದು ಕೈ ಎತ್ತಿ ಒಪ್ಪಿದೆವು. ಆ ದಿನ ಎಷ್ಟು ಖುಷಿಯಾಗಿತ್ತು ಗೊತ್ತಾ ಅಕ್ಕ? ವರ್ಷಗಟ್ಟಲೆ ಒಬ್ಬಳೇ ಬಾಟಲಿ ಹಿಡಿದು ಹಳ್ಳಕೊಳ್ಳ ಅಲೆದವಳಿಗೆ ಒಂದು ಬಳಗ ಸಿಕ್ಕಿತು ಎನ್ನಿಸಿತ್ತು.

ಸಂಕ್ರಾಂತಿ ಕಳೆದ ಮೇಲೆ ವಿರೇಶ ಬಂದ. ಬಾಗಿಲಲ್ಲೇ, “ಸಣ್ಣಕ್ಕ, ಬಾಯಿ ತೆರಿ” ಎಂದು ಪೇಡೆ ತುರುಕಿದ. ಹಳ್ಳದ ದಂಡೆಯ ನಮ್ಮ ಹೊಲವನ್ನು ಎಥನಾಲ್ ಕಾರ್ಖಾನೆಯವರು ಕೊಳ್ಳುತ್ತಾರೆ, ಮೇಲೆ ಅವನಿಗೊಂದು ನೌಕರಿಯೂ ಸಿಗುತ್ತದೆ. ಆ ಹೊಲ ನೀನು ನೋಡಿದ್ದೀಯ. ಕಾಲುವೆ ನೀರು ನಿಂತು ನಿಂತು ಸವಳಾಗಿ, ಬೇಸಿಗೆಯಲ್ಲಿ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಕಾಣುತ್ತದೆ. “ಇನ್ನ ಆ ನೆಲದಾಗ ಬೀಜ ಹಾಕಿ ಆಕಾಶ ನೋಡೋ ಕರ್ಮ ಇಲ್ಲ ಬಿಡು” ಎಂದು ನಗುತ್ತಿದ್ದ. ಅವನು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಪೇಡೆ ಬಾಯಲ್ಲಿರುವಾಗಲೇ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಮೂರು ಕಾರ್ಖಾನೆಗಳ ನೀರು ಸೇರಿದರೆ ಬೇಸಿಗೆಯಲ್ಲಿ ಹಳ್ಳ ಸಾಯುತ್ತದೆ, ದಂಡೆಯ ಕುಡಿಯುವ ನೀರಿನ ಬಾವಿಯೂ ಕೆಡಬಹುದು, ಹಾಗೆಂದು ನಾವು ಬರೆಯುತ್ತಿದ್ದೇವೆ ಎಂದೆ. ಅವನ ಮುಖ ನಿಧಾನಕ್ಕೆ ಇಳಿಯಿತು.

“ಬರಿ, ಬ್ಯಾಡನಂಗಿಲ್ಲ. ನಮ್ಮದೊಂದು ಬಿಟ್ಟು ಬರಿ.”

“ಒಂದು ಬಿಟ್ರ ಲೆಕ್ಕ ಹೆಂಗ ಕೂಡತೈತೋ ವಿರೇಶ?”

“ಉಳಿದ ಎರಡು ಬ್ಯಾಡಂತ ಬರಿ. ನಮ್ಮದೊಂದು ಬರಲಿ.”

ನಿಜ ಹೇಳಲೇ? ಒಂದಕ್ಕೆ ಹಳ್ಳ ತಾಳುತ್ತದೆ. ಆ ಒಂದು ಯಾವುದು? ಅದನ್ನು ಹೇಳಬೇಕಾದವರು ಯಾರು? ನಮ್ಮ ಓದಿನಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

ಮರುದಿನವೇ ಸರ್‌ಗೆ ಫೋನ್ ಮಾಡಿ ತಮ್ಮನ ಹೊಲದ ವಿಷಯ ತಿಳಿಸಿದೆ. “ಹಂಗಾರ ನೀ ದೂರ ನಿಂದ್ರವ್ವ. ಅಂಕಿ ಕೊಡು ಸಾಕು. ಮಾತು ನಾವು ಆಡ್ತೀವಿ” ಎಂದರು. ಎದೆ ಹಗುರಾಯಿತು. ಯಾರೂ ನನ್ನ ಕಡೆ ಬೆರಳು ತೋರಿಸುವಂತಿಲ್ಲ ಎಂದುಕೊಂಡೆ.

ಯುಗಾದಿಯ ನಂತರ ಬಳಗಾನೂರಿನಲ್ಲಿ ಅಹವಾಲು ಸಭೆ ನಡೆಯಿತು. ಶಾಮಿಯಾನದಡಿ ಅಧಿಕಾರಿಗಳು, ಕಂಪನಿಯವರು, ಊರವರು. ವಿರೇಶ ಮುಂದಿನ ಸಾಲಿನಲ್ಲಿದ್ದ, ನಾನು ಕೊನೆಯಲ್ಲಿ ಹೆಂಗಸರ ನಡುವೆ ಕೂತಿದ್ದೆ. ಅಸದ್ ಮೈಕು ಹಿಡಿದು ಚೆನ್ನಾಗಿಯೇ ವಿವರಿಸಿದ. ಅವನು ಮುಗಿಸುತ್ತಿದ್ದಂತೆ ನಾಟಿ ಕೂಲಿಗೆ ಹೋಗುವ ಅಂಬಮ್ಮ ಎದ್ದು ನಿಂತಳು. ನಿನಗೂ ಗೊತ್ತು ಅವಳು, ಅವ್ವನ ಜೊತೆ ಕಳೆ ತೆಗೆಯಲು ಬರುತ್ತಿದ್ದಳು.

“ಫ್ಯಾಕ್ಟ್ರಿ ಬಂದ್ರ ವರ್ಷಪೂರ್ತಿ ಕೂಲಿ ಅಂತಾರ ಇವ್ರು. ಬಂದ್ರ ಬಾವಿ ಕೆಡತೈತಿ ಅಂತೀರಿ ನೀವು. ಇಬ್ರೂ ಓದಿದವ್ರು. ನಾವು ಯಾರ ಮಾತು ಕೇಳೂಣು?” ಎಂದವಳೇ ತಿರುಗಿ ನನ್ನತ್ತ ಕೈ ತೋರಿಸಿದಳು. “ಮುದುಕಮ್ಮನ ಮಗಳು ಅಲ್ಲಿ ಕುಂತಾಳ ನೋಡ್ರಿ. ನಮ್ಮೂರ ಹುಡುಗಿ. ಆಕಿ ಹೇಳಲಿ.”

ಇಡೀ ಸಭೆ ತಿರುಗಿತು. ಸರ್ ದೂರದಿಂದಲೇ ಬೇಡವೆಂಬಂತೆ ತಲೆಯಾಡಿಸಿದರು. ನಾನು ಎದ್ದೆ, ಅಕ್ಕ. ಏಕೆ ಎದ್ದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಕೂತಿದ್ದರೂ ಅದು ಒಂದು ಉತ್ತರವೇ ಆಗುತ್ತಿತ್ತಲ್ಲ. ಜಾಗ ಮಾರುವವರಲ್ಲಿ ನನ್ನ ತಮ್ಮನೂ ಇದ್ದಾನೆ ಎಂದು ಮೊದಲು ಹೇಳಿದೆ. ಆಮೇಲೆ, ಮೂರೂ ಬಂದರೆ ಆ ಬಾವಿಯ ನೀರನ್ನು ನಾನು ಕುಡಿಯಲಾರೆ, ನಿಮಗೂ ಕುಡಿಯಿರಿ ಎನ್ನಲಾರೆ ಎಂದೆ. “ಹಾಗಾದರೆ ಯಾವುದು ಬರಲಿ, ಯಾವುದು ಬೇಡ?” ಎಂದು ಅಧಿಕಾರಿ ಕೇಳಿದರು. “ಗೊತ್ತಿಲ್ಲ ಸರ್” ಎಂದೆ. ಯಾರೋ ನಕ್ಕರು.

ವಿರೇಶ ಕೂಗಾಡಲಿಲ್ಲ. ಸಭೆ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಅಂದ, “ನಿನ್ನ ಲೆಕ್ಕ ಖರೆ ಇರಬೌದು ಸಣ್ಣಕ್ಕ. ಆ ಲೆಕ್ಕದಾಗ ನಾ ಎಲ್ಲಿದೀನಿ?”

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮೂರನ್ನೂ ಒಟ್ಟಿಗೆ ಇಟ್ಟು, ಎಲ್ಲ ಕಾಲದ ನೀರನ್ನೂ ನೋಡಿ ಅಧ್ಯಯನ ಮಾಡುವ ತನಕ ಯಾವುದಕ್ಕೂ ಒಪ್ಪಿಗೆಯಿಲ್ಲ ಎಂದು ಆದೇಶವಾಯಿತು. ಎಥನಾಲ್ ಕಂಪನಿಯವರಿಗೆ ಅಷ್ಟು ದಿನ ಕಾಯುವ ತಾಳ್ಮೆಯಿರಲಿಲ್ಲ, ಬೇರೆ ಜಿಲ್ಲೆಗೆ ಹೋದರು. ವಿರೇಶನ ಹೊಲ ಅವನ ಹತ್ತಿರವೇ ಉಳಿಯಿತು. ಉಳಿದಿಬ್ಬರು ಮಾಲೀಕರು ಈಗ ನಮ್ಮ ಮೂವರನ್ನೂ ಕೂಡಿಸಿಯೇ ಅಧ್ಯಯನಕ್ಕೆ ಹಚ್ಚಿದ್ದಾರೆ. ಕೊಪ್ಪಳದಿಂದ, ಬಳ್ಳಾರಿಯಿಂದ ಫೋನುಗಳು ಬರುತ್ತವೆ, ನೀವು ದಾರಿ ತೋರಿಸಿದಿರಿ ಎಂದು ಹೊಗಳುತ್ತಾರೆ. ಕರ್ನೂಲಿನಾತ ತಮ್ಮ ಕಡೆಯ ಹೊಳೆ ನೀರಿನ ಅಂಕಿಗಳನ್ನೆಲ್ಲ ಕಳುಹಿಸಿದ್ದಾನೆ. ಹೊಗಳಿಕೆ ಕೇಳಿದಾಗ ಸಂತೋಷವೂ ಆಗುತ್ತದೆ, ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತದೆ.

ಮೊನ್ನೆ ಸರ್ ಜೊತೆ ಹಳ್ಳದ ಸೇತುವೆಯ ಹತ್ತಿರ ನೀರು ಹಿಡಿಯುತ್ತಿದ್ದೆ. “ಉಮಾ, ನಾವು ಗೆದ್ದೀವೇನು?” ಎಂದು ಕೇಳಿದರು.

“ಗೊತ್ತಿಲ್ರಿ ಸರ್.”

“ನನಗೂ ತಿಳಿವಲ್ದು” ಎಂದು ಬಾಟಲಿಗೆ ಮುಚ್ಚಳ ಹಾಕಿದರು.

ಅಷ್ಟರಲ್ಲಿ ಒಂದು ಟಂಟಂ ಗಾಡಿ ಬಂದು ನಿಂತಿತು. ತುಂಬ ಹೆಂಗಸರು. ಅಂಬಮ್ಮ ತಲೆ ಹೊರಗೆ ಹಾಕಿ ಮಾತಾಡಿಸಿದಳು. ಗೊರೇಬಾಳದ ಕಡೆ ನಾಟಿಗೆ ಹೊರಟಿದ್ದರಂತೆ, ಅಲ್ಲಿ ಮುಗಿದರೆ ಇನ್ನೂ ಮುಂದೆ. ಬಾವಿ ನೀರು ಹೇಗಿದೆ ಎಂದು ಕೇಳಿದೆ. “ನೀರು ಚಲೋ ಐತವ್ವ. ಕುಡಿಯಾಕ ನಾವ ಊರಾಗಿಲ್ಲ” ಎಂದು ನಕ್ಕಳು. ಸಿಟ್ಟಿನಿಂದ ಅಂದದ್ದಲ್ಲ ಅದು. ಸಿಟ್ಟಿದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ನಮ್ಮ ಮನೆಯವರಿಗೆ ಇದನ್ನೆಲ್ಲ ಹೇಳಿಕೊಂಡರೆ, “ತವರಮನಿ ಮಾತು, ನಾ ನಡುವ ಬರಂಗಿಲ್ಲ” ಎನ್ನುತ್ತಾರೆ. ಹೊಸ ಅಧ್ಯಯನದಲ್ಲಿ ಸವಳು ನೆಲಕ್ಕೆ ಏನು ಮಾಡಬಹುದು, ಕೂಲಿಯವರ ಗತಿಯೇನು ಎಂಬುದೂ ಸೇರಲೇಬೇಕು ಎಂದು ನಾನು ಹಟ ಹಿಡಿದಿದ್ದೇನೆ. ಅಸದ್ ಹೂಂ ಎಂದಿದ್ದಾನೆ. ಅದರಿಂದ ವಿರೇಶನಿಗೆ ಏನಾದರೂ ಸಿಕ್ಕೀತೇ, ಅದೂ ಗೊತ್ತಿಲ್ಲ. ನೀನು ದೊಡ್ಡವಳು. ನನ್ನ ಜಾಗದಲ್ಲಿದ್ದರೆ ನೀನು ಏನು ಮಾಡುತ್ತಿದ್ದೆ? ಬೈಯುವುದಿದ್ದರೂ ಬೈದು ಬರಿ.

ಮಾವನವರಿಗೆ ನಮಸ್ಕಾರ. ಮಕ್ಕಳಿಗೆ ಈ ಚಿಕ್ಕಮ್ಮನ ಮುತ್ತು, ಆಶೀರ್ವಾದ. ಬಸವಣ್ಣ ನಿಮ್ಮೆಲ್ಲರನ್ನೂ ತಣ್ಣಗೆ ಇಟ್ಟಿರಲಿ. ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ.

ನಿನ್ನ ತಂಗಿ,
ಉಮಾ

ಮರೆತಿದ್ದು: ಮರೆತಿದ್ದೇನೂ ಅಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಈ ಸಲ ಪಂಚಮಿ ಹಬ್ಬಕ್ಕೆ ತವರಿಗೆ ಕರೆಯಲು ವಿರೇಶ ಬರಲಿಲ್ಲ. ಬರಲಾರ ಎಂದು ಗೊತ್ತಿತ್ತು, ತಡೆದುಕೊಂಡೆ. ಮೊನ್ನೆ ಅವ್ವ ಪಕ್ಕದ ಮನೆಯ ಫೋನಿನಿಂದ ಮಾತಾಡಿದಳು. ಹಬ್ಬಕ್ಕೆ ನೀನು ಹೋಗಿದ್ದೆಯಂತೆ, ನಾಲ್ಕು ದಿನ ಇದ್ದೆಯಂತೆ. “ನಿನ್ನ ಪಾಲಿನ ಶೇಂಗಾ ಉಂಡಿ ನಿಮ್ಮಕ್ಕನ ಕೈಯಾಗ ಕೊಟ್ಟು ಕಳಿಸಿದ್ನಲ್ಲ, ಮುಟ್ಟಿದ್ವೋ ಇಲ್ಲೋ?” ಎಂದು ಕೇಳಿದಳು. ಸಿಂಧನೂರಿನಲ್ಲಿ ಇಳಿದು ಬಸ್ಸು ಬದಲಿಸದೆ ನೀನು ಗಂಗಾವತಿ ಸೇರುವುದಿಲ್ಲ. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆ ಎಷ್ಟು ಹತ್ತಿರ ಎಂದು ನಿನಗೆ ನಾನು ಹೇಳಬೇಕೇ? “ಮುಟ್ಯಾವವ್ವ, ಭಾಳ ರುಚಿ ಇದ್ವು” ಎಂದೆ. ನಿನ್ನನ್ನು ಕೇಳಿದರೆ ನೀನೂ ಹಾಗೆಯೇ ಹೇಳು.