ಕೆಳಗಿನ ಸಾಲು ಓದು

ದರ್ಬೆ, ಪುತ್ತೂರು
೧೫ ಡಿಸೆಂಬರ್ ೨೦೨೪, ಆದಿತ್ಯವಾರ

ಪ್ರೀತಿಯ ಸೇವಂತಿ,

ಇಪ್ಪತ್ನಾಲ್ಕು ವರ್ಷ ಮಕ್ಕಳಿಗೆ ಪತ್ರ ಬರೆಯಲು ಕಲಿಸಿದೆ. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂಬ ಸಾಲು ಬಿಟ್ಟವರಿಗೆ ಅರ್ಧ ಅಂಕ ಕಳೆದೆ. ಇವತ್ತು ನನ್ನದೇ ಪತ್ರದಲ್ಲಿ ಆ ಸಾಲಿಗೆ ಬಂದು ಪೆನ್ನು ನಿಂತಿದೆ. ನೀನು ಗಣಿತದವಳು, ನನ್ನ ಅರ್ಧ ಅಂಕ ನೀನೇ ಕಳೆ. ಮಂಡೆಕೋಲಿನಲ್ಲಿ ನೀವೆಲ್ಲ ಸೌಖ್ಯ ಎಂದು ತಿಳಿಯುತ್ತೇನೆ.

ತಡವಾದದ್ದಕ್ಕೆ ಕ್ಷಮಿಸು. ಸುಪ್ರಿತಾಳ ಮದುವೆ ಕಳೆದು ಮೂರು ವಾರ ದಾಟಿತು, ನಿನ್ನ ಮಗಳಿಗೆ ಒಂದು ಶುಭಾಶಯದ ಸಾಲು ಕೂಡ ನನ್ನಿಂದ ಬರಲಿಲ್ಲ. ವಾಟ್ಸ್ಯಾಪಿನಲ್ಲಿ ಹಾಕಬಹುದಿತ್ತಲ್ಲ ಎನ್ನುತ್ತೀ. ಅದನ್ನು ಫೋನಿನಿಂದಲೇ ತೆಗೆಸಿಬಿಟ್ಟಿದ್ದೇನೆ. ಕರೆ ಮಾಡೋಣವೆಂದರೆ ಡಾಕ್ಟರು ಬಾಯಿ ತೆರೆಯಲು ಬಿಡುವುದಿಲ್ಲ. ಉಳಿದದ್ದು ಕಾಗದ ಮಾತ್ರ.

ಮದುವೆ ತುಂಬ ಚೆನ್ನಾಗಿ ಆಯಿತು ಮಾರಾಯ್ತಿ. ಸುಪ್ರಿತಾಳಿಗೆ ಆ ಹಸಿರು ಅಂಚಿನ ಸೀರೆ ಎಷ್ಟು ಒಪ್ಪುತ್ತಿತ್ತು! ಚಿಕ್ಕವಳಿರುವಾಗ ನಮ್ಮ ಸ್ಟಾಫ್ ರೂಮಿನ ಮೇಜಿನ ಅಡಿಯಲ್ಲಿ ಮಲಗುತ್ತಿದ್ದ ಹುಡುಗಿ ಇವಳೇನಾ ಅಂತ ನೋಡಿದೆ. ನಿನ್ನ ಮಾವನ ಕಡೆಯ ಆ ಹಿರಿಯರು ಯಾರು? ನಾನು ಮಾತಾಡುವುದಿಲ್ಲ ಎಂದು ಗೊತ್ತಾದ ಮೇಲೆ ನನಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡು, ಹತ್ತಿರ ಬಂದು ‘ಟೀಚರ್, ಊ…ಟ ಆ…ಯ್ತಾ?’ ಎಂದು ಬೊಬ್ಬೆ ಹೊಡೆದರು. ನಾನು ಚೀಟಿಯಲ್ಲಿ ‘ಕಿವಿ ಸರಿ ಉಂಟು’ ಎಂದು ಬರೆದು ತೋರಿಸಿದೆ. ಪಂಕ್ತಿಯೇ ನಕ್ಕಿತು. ನಾನೂ ಸದ್ದಿಲ್ಲದೆ ನಕ್ಕೆ. ಎಲೆಯ ಮೇಲೆ ಹೋಳಿಗೆ, ಕಾಯಿಹಾಲು. ಆ ಹೊತ್ತಿಗೇ ಯಾರೋ ವಿಡಿಯೋ ಮಾಡಿದ್ದು.

ಉಳಿದದ್ದು ನಿನಗೆ ಅಷ್ಟಿಷ್ಟು ಗೊತ್ತಿರಬಹುದು. ಆದರೂ ಮೊದಲಿನಿಂದ ಬರೆಯುತ್ತೇನೆ. ಈಗೀಗ ನನ್ನ ಕಾಯಿಲೆ ನಿಜವೋ ಸುಳ್ಳೋ ಎಂದು ನನಗೇ ಅನುಮಾನ ಬರುವಷ್ಟು ಜನ ಕೇಳಿದ್ದಾರೆ.

ಜೂನ್‌ನಲ್ಲಿ ನಮ್ಮ ಶಾಲೆಯ ಐದು, ಆರು, ಏಳನೆಯ ತರಗತಿ ಮೂರನ್ನೂ ಒಂದೇ ದೊಡ್ಡ ಹಾಲಿಗೆ ಹಾಕಿದರು, ನಡುವೆ ಎರಡು ಕಪಾಟು ಅಡ್ಡ. ಆಚೆ ಮಗ್ಗಿ, ಈಚೆ ನನ್ನ ಪದ್ಯ. ಅವರಿಗಿಂತ ನಾನು ಜೋರು, ನನಗಿಂತ ಅವರು ಜೋರು. ಆಗಸ್ಟಿನಲ್ಲಿ ಸ್ವರ ಒಡೆಯಿತು. ಜ್ಯೇಷ್ಠಮಧು, ಉಪ್ಪುನೀರು, ಬಿಸಿನೀರು ಎಲ್ಲ ಮಾಡಿ ನವೆಂಬರಿನವರೆಗೆ ಎಳೆದೆ. ಮಂಗಳೂರಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಸ್ವರದ ಎಳೆಯಲ್ಲಿ ಗುಳ್ಳೆ ಬಂದಿದೆ, ತೆಗೆಯಬೇಕು ಎಂದರು. ‘ಹದಿನೈದು ದಿನ ಒಂದು ಅಕ್ಷರ ಮಾತಾಡ್ಬಾರದು. ಪಿಸುಮಾತೂ ಇಲ್ಲ. ಮತ್ತೆ ಒಂದು ತಿಂಗಳು ಪಾಠ ಇಲ್ಲ. ನಡೀಬಹುದು, ತಿನ್ಬಹುದು, ಮದುವೆಗೆ ಹೋಗ್ಬಹುದು. ಬಾಯಿ ಮಾತ್ರ ಬಂದ್’ ಎಂದರು.

ಆಪರೇಷನ್ನಿನ ಆ ಎರಡು ದಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದವಳು ನೀನು. ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ ಎಂದಾಗ ಇವರು ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ನೀನು ಮಗಳ ಮದುವೆಯ ಗಡಿಬಿಡಿಯಲ್ಲಿಯೂ ಬ್ಯಾಗು ಹಿಡಿದು ಬಂದೆ. ‘ಸಿ.ಎಲ್. ರಜೆ ಎಲ್ಲ ಮದುವೆಗೆ ಬೇಕು ಮಾರಾಯ್ತಿ. ಜ್ವರ ಅಂತ ಬರೆದು ಬಂದಿದ್ದೇನೆ’ ಎಂದು ನಕ್ಕೆ. ನನಗೆ ನಗಲೂ ಬಿಡದೆ ಬಾಯಿಗೆ ಕೈ ಅಡ್ಡ ಇಟ್ಟೆ. ಚಮಚದಲ್ಲಿ ಗಂಜಿ ಕುಡಿಸಿದೆ. ನನ್ನ ಸ್ವಂತ ತಂಗಿಯೂ ಅಷ್ಟು ಮಾಡುತ್ತಿರಲಿಲ್ಲ. ಇದನ್ನು ನಾನು ಮರೆತಿಲ್ಲ ಎಂದು ನಿನಗೆ ಗೊತ್ತಿರಲಿ.

ಮದುವೆಯ ದಿನ ಗುರುವಾರ, ಶಾಲೆ ಇರುವ ದಿನ. ಸಂಜೆಯೊಳಗೆ ವಿಡಿಯೋ ನಮ್ಮ ಶಾಲೆಯ ಪೋಷಕರ ಗುಂಪಿಗೆ ಬಂತು. ಅಡಿಯಲ್ಲಿ ಬರೆದಿದ್ದರು: ‘ಸೌಖ್ಯ ಇಲ್ಲದ ಟೀಚರಿಗೆ ಹೋಳಿಗೆ ಊಟ. ನಮ್ಮ ಮಕ್ಕಳಿಗೆ ಕನ್ನಡ ಪಾಠ ಯಾವಾಗ?’ ಮತ್ತೆ ಕೇಳಬೇಕೇ! ‘ಗಂಟಲು ನೋವಂತೆ, ಹೋಳಿಗೆ ಮಾತ್ರ ಇಳಿತದಂತೆ.’ ‘ಮಕ್ಕಳ ದಿನಾಚರಣೆಗೂ ಬರ್ಲಿಲ್ಲ.’ ‘ಸರ್ಟಿಫಿಕೇಟ್ ಎಂತ, ಕೇಳಿದ್ರೆ ಯಾರು ಬೇಕಾದ್ರೂ ಕೊಡ್ತಾರೆ.’ ಒಬ್ಬರು ಬರೆದರು: ‘ರಬ್ಬರ್ ಟ್ಯಾಪಿಂಗಿಗೆ ಹೋಗುವ ನಮಗೆ ಸಿಕ್ ಲೀವ್ ಯಾರು ಕೊಡ್ತಾರೆ ಮಾರಾಯ್ರೆ?’ ಆ ಒಂದು ಪ್ರಶ್ನೆ ನ್ಯಾಯದ್ದೇ. ಉಳಿದವರಿಗೆಲ್ಲ ಕೊಡಲು ಉತ್ತರ ಇತ್ತು, ಸ್ವರ ಇರಲಿಲ್ಲ.

ಮರುದಿನ ಇಲ್ಲಿ ದರ್ಬೆಯಲ್ಲಿ ನಮ್ಮ ಚಪ್ಪಲಿ ಅಂಗಡಿಗೆ ಬಂದವನೊಬ್ಬ ಇವರನ್ನೇ ಕೇಳಿದನಂತೆ, ‘ಅಲಿ ಕುಂಞಿ ಬ್ಯಾರಿಗಳೇ, ಟೀಚರ್ ಇವತ್ತು ಯಾವ ಮದುವೆಗೆ?’ ಇವರು ಅವನಿಗೆ ತೋರಿಸುತ್ತಿದ್ದ ಚಪ್ಪಲಿಯನ್ನು ಪೆಟ್ಟಿಗೆಗೆ ಹಾಕಿ, ‘ನಿಮ್ಮ ಸೈಜ್ ಇಲ್ಲಿ ಇಲ್ಲ’ ಎಂದು ಕಳಿಸಿದರಂತೆ. ಮೂವತ್ತು ವರ್ಷದಲ್ಲಿ ಇವರು ಗಿರಾಕಿಯನ್ನು ಬೈದದ್ದು ಅದೇ ಮೊದಲು.

ಅಷ್ಟರಲ್ಲಿ ಹೆಡ್ ಮಾಸ್ಟ್ರು ತೀರ್ಥರಾಮ ಸರ್ ಇವರಿಗೆ ಫೋನ್ ಮಾಡಿದರು. ‘ನಾಳೆ ಶನಿವಾರ ಪೋಷಕರ ಸಭೆ ಉಂಟು. ಟೀಚರ್ ಬಂದು ಎರಡು ಮಾತು ಹೇಳಿ ಹೋಗ್ಲಿ, ಮುಗೀತದೆ.’

‘ಮಾತಾಡ್ಲಿಕ್ಕೆ ಆಗದ್ದಕ್ಕೆ ಅಲ್ವಾ ಸರ್ ರಜೆ ಹಾಕಿದ್ದು?’ ಎಂದರು ಇವರು.

‘ಹಾಗಾದ್ರೆ ಬರೆದು ತರ್ಲಿ. ಯಾರಾದ್ರೂ ಓದ್ತಾರೆ.’

ಬರೆದೆ, ಸೇವಂತಿ. ಒಂದು ಹಾಳೆ. ಮೇಲೆ ವಿನಯ, ಕೆಳಗೆ ವಿಷಯ. ಮೇಲಿನ ನಾಲ್ಕು ಸಾಲಿನಲ್ಲಿ, ‘ಗುರುವಾರ ನಾನು ಮದುವೆಗೆ ಹೋದದ್ದು ನಿಜ. ಇದರಿಂದ ಪೋಷಕರಿಗೆ ಬೇಸರವಾಗಿದ್ದರೆ ಕ್ಷಮೆ ಕೇಳುತ್ತೇನೆ’ ಎಂದಿತ್ತು. ಅದರ ಕೆಳಗೆ ಆಪರೇಷನ್, ಡಾಕ್ಟರು ಹೇಳಿದ್ದು, ಹದಿನೈದು ದಿನದ ಮೌನ, ಡಾಕ್ಟರ ಫೋನ್ ನಂಬರು, ಎಲ್ಲ ಇತ್ತು. ಯಾರು ಓದುವುದು ಎಂದು ಯೋಚಿಸಬೇಕಾಗಿರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಈಗ ನಮ್ಮ ಉದಯ.

ನಮ್ಮ ಉದಯ! ಆರನೆಯ ತರಗತಿಯಲ್ಲಿ ತನ್ನ ಹೆಸರು ಹೇಳಲಾಗದೆ ‘ಉ… ಉ…’ ಎಂದು ನಿಂತಲ್ಲೇ ಬೆವರುತ್ತಿದ್ದವನು. ಎರಡು ವರ್ಷ ಮಧ್ಯಾಹ್ನ ಊಟವಾದ ಮೇಲೆ ಅವನನ್ನು ಜಗಲಿಯಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸಿದೆ. ಸಿಕ್ಕಿಕೊಂಡಾಗಲೆಲ್ಲ, ‘ಉಸಿರು ತೆಗೆ ಉದಯ, ಕೆಳಗಿನ ಸಾಲು ಓದು’ ಎನ್ನುತ್ತಿದ್ದೆ. ಆಗ ನಮ್ಮ ಶಾಲೆಯಲ್ಲೇ ಇದ್ದ ನೀನು ಪಕ್ಕದಲ್ಲಿ ಲೆಕ್ಕದ ಪುಸ್ತಕ ತಿದ್ದುತ್ತಾ, ‘ಫೌಝಿಯಾ, ಇವನ ತೊದಲು ಹೋಗುವ ಮೊದಲು ನಿನ್ನ ಸ್ವರ ಹೋಗ್ತದೆ ನೋಡು’ ಎಂದು ತಮಾಷೆ ಮಾಡುತ್ತಿದ್ದೆ. ಈಗ ಅವನ ಮಗಳು ತೃಷಾ ನನ್ನ ಐದನೆಯ ತರಗತಿಯಲ್ಲಿದ್ದಾಳೆ.

ಸಭೆಗೆ ಹೋದೆ. ಆಪರೇಷನ್ ಆಗಿ ಹನ್ನೆರಡನೆಯ ದಿನ, ಇನ್ನು ಮೂರೇ ದಿನ ಇತ್ತು. ಹಾಲ್ ತುಂಬಿತ್ತು. ನಮ್ಮ ಸಭೆಗೆ ಅಷ್ಟು ಜನ ಬಂದದ್ದು ನಾನು ನೋಡಿಯೇ ಇಲ್ಲ. ಉದಯನ ಕೈಗೆ ಹಾಳೆ ಕೊಟ್ಟೆ. ಅವನು ಎದ್ದು ನಿಂತು ಓದಿದ. ಎಷ್ಟು ಚಂದ ಓದಿದ ಗೊತ್ತಾ! ಒಂದು ಕಡೆ ತಡೆಯಲಿಲ್ಲ, ಒಂದು ಅಕ್ಷರ ನುಂಗಲಿಲ್ಲ. ಆ ಪರಿಸ್ಥಿತಿಯಲ್ಲೂ ನನಗೆ ಹೆಮ್ಮೆ ಆಯಿತು ನೋಡು, ನನ್ನ ಕರ್ಮ. ‘…ಬೇಸರವಾಗಿದ್ದರೆ ಕ್ಷಮೆ ಕೇಳುತ್ತೇನೆ’ ಎಂದು ಓದಿದ. ಕೆಳಗೆ ಒಮ್ಮೆ ಕಣ್ಣಾಡಿಸಿದ. ಹಾಳೆಯನ್ನು ಎರಡು ಮಡಿಕೆ ಮಡಚಿದ. ‘ಇಷ್ಟೇ’ ಎಂದು ಕೂತ.

ಇಷ್ಟೇ!

‘ಹಾಗಾದ್ರೆ ತಪ್ಪು ಒಪ್ಪಿದ್ರು’ ಎಂದರು ಹಿಂದಿನಿಂದ ಯಾರೋ. ‘ಬೇರೆ ಟೀಚರ್ ಕೇಳುವ ನಾವು.’ ‘ಮೇಲೆ ಅರ್ಜಿ ಕೊಡುವ.’ ನಾನು ತೀರ್ಥರಾಮ ಸರ್ ಮುಖ ನೋಡಿದೆ. ನನ್ನ ಸರ್ಟಿಫಿಕೇಟು ಅವರ ಕಪಾಟಿನಲ್ಲೇ ಇತ್ತು. ‘ಸರ್ಟಿಫಿಕೇಟ್ ಕೊಟ್ಟದ್ದು ಹೌದು. ಅದರಲ್ಲಿ ಎಂತ ಉಂಟು ಹೇಳ್ಲಿಕ್ಕೆ ನಾನು ಡಾಕ್ಟ್ರಲ್ಲ’ ಎಂದು ಗಡಿಯಾರ ನೋಡಿದರು. ನಾನು ಹಾಳೆಯ ಕಡೆಗೆ ಕೈ ತೋರಿಸಿದೆ, ಮೇಜು ತಟ್ಟಿದೆ. ಉದಯ ತಲೆ ಎತ್ತಲೇ ಇಲ್ಲ.

ಆಗ ಎದ್ದು ನಿಂತೆ. ‘ಉದಯ, ಕೆಳಗಿನ ಸಾಲು ಓದು’ ಎಂದೆ.

ಅದು ನನ್ನ ಸ್ವರ ಎಂದು ನನಗೆ ಗುರುತು ಸಿಗಲಿಲ್ಲ. ಹರಿದ ಗೋಣಿ ಎಳೆದ ಹಾಗಿತ್ತು. ಗಂಟಲಿನಲ್ಲಿ ಬಿಸಿ ಬಿಸಿ ಏನೋ ಇಳಿಯಿತು. ಬಾಗಿಲ ಹತ್ತಿರದಿಂದ ಒಬ್ಬಳು ಜೋರಾಗಿ ಹೇಳಿದಳು, ‘ಓ, ಸ್ವರ ಉಂಟಲ್ಲ ಮಾರಾಯ್ರೆ! ಚಂದ ಮಾತಾಡ್ತಾರಲ್ಲ!’ ಎಲ್ಲರೂ ನಕ್ಕರು, ಸೇವಂತಿ. ನಾನು ಅಕ್ಷರ ಕಲಿಸಿದವರು, ಅವರ ಗಂಡಂದಿರು, ಹೆಂಡತಿಯರು. ಮಾತಾಡದಿದ್ದರೆ ತಪ್ಪು ಒಪ್ಪಿದ ಹಾಗೆ, ಮಾತಾಡಿದರೆ ಕಾಯಿಲೆ ಸುಳ್ಳು. ನಾನು ಎಲ್ಲಿಗೆ ಹೋಗಬೇಕಿತ್ತು ಹೇಳು.

ಶಾಲೆಯಿರುವ ಪಂಜದಿಂದ ಪುತ್ತೂರಿನವರೆಗೆ ಇಡೀ ದಾರಿ ಬಸ್ಸಿನಲ್ಲಿ ಬಾಯಿಗೆ ಕರವಸ್ತ್ರ ಹಿಡಿದು ಕೂತೆ. ಕರವಸ್ತ್ರದಲ್ಲಿ ರಕ್ತ ಇತ್ತು. ಸೋಮವಾರ ಡಾಕ್ಟರು ನೋಡಿ ನನ್ನನ್ನು ಬೈಯಲೂ ಇಲ್ಲ. ಅದೇ ಹೆದರಿಕೆಯಾದದ್ದು. ಗಾಯ ಒಡೆದಿದೆ, ಗಂಟು ಕಟ್ಟಬಹುದು, ಮೂರು ತಿಂಗಳು ನೋಡೋಣ ಎಂದರು. ‘ಮನೆಯಲ್ಲಿ ಮಾತಾಡುವಷ್ಟು ಬರಬಹುದು. ಕ್ಲಾಸಿಗೆ ಬೇಕಾದ ಸ್ವರ ಹೇಳ್ಲಿಕ್ಕೆ ಆಗುದಿಲ್ಲ’ ಎಂದರು. ಏಳನೆಯವರಿಗೆ ಪದ್ಯ ಅರ್ಧ ಕಂಠಪಾಠ ಆಗಿತ್ತು. ಉಳಿದರ್ಧ ಯಾರು ಹೇಳಿಕೊಡುತ್ತಾರೋ. ಪಾಠ ಹೇಳಲಾಗದ ಟೀಚರಿಗೆ ಆಫೀಸಿನಲ್ಲಿ ಕಾಗದ ಜೋಡಿಸುವ ಕೆಲಸ ಕೊಡುತ್ತಾರಂತೆ. ನನಗೆ ಅದನ್ನು ಯೋಚಿಸಿದರೆ ಅಳು ಬರುತ್ತದೆ, ಅತ್ತರೂ ಗಂಟಲಿಗೆ ಕೇಡು ಎಂದು ಇವರು ಅಳಲೂ ಬಿಡುವುದಿಲ್ಲ.

ಮೇಲಿನ ಆಫೀಸಿನಿಂದ ನೋಟಿಸೂ ಬಂದಿದೆ. ಕಾಯಿಲೆ ರಜೆಯಲ್ಲಿದ್ದು ಮದುವೆಗೆ ಹೋದದ್ದಕ್ಕೆ ವಿವರಣೆ ಬರೆದು ಕೊಡಿ, ಆಸ್ಪತ್ರೆಯ ಕಾಗದ ಲಗತ್ತಿಸಿ ಎಂದು. ಕೊಟ್ಟಿದ್ದೇನೆ.

ಉದಯನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಅವನ ಕಿವಿ ಹಿಂಡಬೇಕು ಅನ್ನಿಸುತ್ತಿತ್ತು, ಮೂವತ್ತಮೂರು ವರ್ಷದ ಗಂಡಸಿನ ಕಿವಿ! ನಾನು ಕೊಟ್ಟ ಸ್ವರದಿಂದಲೇ ನನ್ನ ಮರ್ಯಾದೆ ತೆಗೆದ ಎಂದು ದಿನವೂ ಮನಸ್ಸಿನಲ್ಲೇ ಹಲುಬಿದೆ. ಮೊನ್ನೆ ಗುರುವಾರದವರೆಗೆ ಹಾಗೇ ಇದ್ದೆ.

ಇರಲಿ. ಮದುಮಗಳ ಮನೆಗೆ ಬರೆದ ಪತ್ರದಲ್ಲಿ ಇಷ್ಟೆಲ್ಲ ಅಳು ಬೇಡ. ಸುಪ್ರಿತಾ ಮತ್ತು ಅಳಿಯ ನೂರು ಕಾಲ ಒಟ್ಟಿಗೆ ನಗುತ್ತಾ ಇರಲಿ, ಒಬ್ಬರ ಮಾತು ಇನ್ನೊಬ್ಬರು ನಿಂತು ಕೇಳಲಿ. ಅವರಿಬ್ಬರನ್ನೂ ಒಮ್ಮೆ ದರ್ಬೆಗೆ ಕಳಿಸು, ಅವಳಿಗೆ ಇಷ್ಟದ ಪತ್ತಿರಿ ರೊಟ್ಟಿ ಮಾಡುತ್ತೇನೆ. ನಿನ್ನ ಮಂಡಿ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಗೆಳತಿ,
ಫೌಝಿಯಾ

ಮತ್ತೆ: ಗುರುವಾರ ಉದಯ ಒಂದು ಗೊನೆ ಕದಳಿ ಹೊತ್ತುಕೊಂಡು ಅಂಗಡಿಗೆ ಬಂದಿದ್ದ. ಇವರು ಮುಖ ಕೊಡಲಿಲ್ಲ. ನಾನು ಚಪ್ಪಲಿ ಪೆಟ್ಟಿಗೆಯ ರಟ್ಟಿನ ಮೇಲೆ ‘ಯಾಕೆ ಓದಲಿಲ್ಲ?’ ಎಂದು ಬರೆದು ಹಿಡಿದೆ. ಇಪ್ಪತ್ತು ವರ್ಷದ ಮೇಲೆ ಅವನು ಮತ್ತೆ ತೊದಲಿದ. ‘ಸೇ… ಸೇ… ಸೇವಂತಿ ಟೀಚರ್ ಸಭೆಯ ಮುಂಚಿನ ದಿನ ಫೋನ್ ಮಾಡಿದ್ರು, ಟೀಚರ್. ಫೌಝಿಯಾ ನನ್ನ ಹೆಸರು ಎಳೆದ್ರೆ ಸಭೆಗೆ ತರ್ಬೇಡ ಮಾರಾಯ, ಆ ಎರಡು ದಿನ ನಾನು ಜ್ವರ ಅಂತ ರಜೆ ಬರೆದದ್ದು, ನನ್ನ ಕೆಲಸಕ್ಕೇ ಕುತ್ತು ಅಂತ ಹೇಳಿದ್ರು. ನಿಮ್ಮ ಹಾಳೆಯಲ್ಲಿ ಆಪರೇಷನ್ ಅಂತ ಬರೆದ ಸಾಲಿನಲ್ಲೇ ಅವರ ಹೆಸರು ಇತ್ತು. ನನಗೆ ಎಂತ ಮಾಡುದು ಗೊತ್ತಾಗ್ಲಿಲ್ಲ.’

ಇತ್ತು, ಹೌದು. ‘ಸೇವಂತಿ ಟೀಚರ್ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದರು, ಸಂಶಯ ಇದ್ದವರು ಅವರನ್ನೇ ಕೇಳಿ’ ಎಂದು ಬರೆದಿದ್ದೆ. ನಿನ್ನ ಜ್ವರದ ಅರ್ಜಿ ನನಗೆ ನೆನಪೇ ಆಗಲಿಲ್ಲ. ನನಗೆ ನೆನಪಿದ್ದದ್ದು ನೀನು ಕುಡಿಸಿದ ಗಂಜಿ. ಅದು ನನ್ನ ತಪ್ಪು, ಒಪ್ಪುತ್ತೇನೆ. ಹೆಸರು ಬಿಟ್ಟು ಉಳಿದದ್ದು ಓದಲು ಅವನಿಗೆ ಹೊಳೆಯಲಿಲ್ಲ; ಬರೆದದ್ದನ್ನು ಬರೆದ ಹಾಗೇ ಓದಬೇಕು ಎಂದು ಕಲಿಸಿದವಳೂ ನಾನೇ. ಆದರೆ ನೀನು, ಉದಯನ ನಂಬರು ಹುಡುಕಿ ಫೋನ್ ಮಾಡಿದವಳು, ನನಗೆ ಒಂದು ಸಾಲು ಕಳಿಸಲಿಲ್ಲ. ಶನಿವಾರ ಕಳೆದು ಇವತ್ತಿನವರೆಗೂ ಕಳಿಸಲಿಲ್ಲ.

ಹೆದರಬೇಡ. ಮೇಲಿನ ಆಫೀಸಿಗೆ ಕೊಟ್ಟ ವಿವರಣೆಯಲ್ಲಿ ನಿನ್ನ ಹೆಸರು ಇಲ್ಲ. ನನಗೆ ಹೇಳಿದ್ದರೆ ಅವತ್ತೂ ಇರುತ್ತಿರಲಿಲ್ಲ, ಸೇವಂತಿ.