ನನ್ನ ಹೆಸರಿನ ಸಹಿ

೧೯೯೨ ಜೂನ್ ೯, ಮಂಗಳವಾರ

ಇವತ್ತು ಇಪ್ಪತ್ತೇಳು ಸಹಿ. ದನದ ಮೇವಿನ ಅಂಗಡಿ ಬಾಗಿಲಲ್ಲಿ ಒಂಬತ್ತು, ಉಳಿದದ್ದು ಹೊಲ ಹೊಲ ತಿರುಗಿ. ಗೋಧಿ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ. ಎಲ್ಲರಿಗೂ ಹೇಳುವುದು ಒಂದೇ ಮಾತು — ನಾವು ವಾಷಿಂಗ್ಟನ್‌ಗೆ ಕಳಿಸಿದವರಿಗೆ ಹನ್ನೆರಡು ವರ್ಷ ಸಾಕು, ಆಮೇಲೆ ಮನೆಗೆ ಬರಲಿ. ರಾಜ್ಯದಲ್ಲಿ ಸಾಕಷ್ಟು ಸಹಿ ಬಿದ್ದರೆ ನವೆಂಬರ್ ಮತಪತ್ರದಲ್ಲಿ ಈ ಪ್ರಶ್ನೆ ಇರುತ್ತದೆ.

ನಮ್ಮ ಸಂಸದ ಬ್ರಾಂಡ್ವಿಕ್ ವಾಷಿಂಗ್ಟನ್‌ನಲ್ಲಿ ಕೂತು ಇಪ್ಪತ್ತಾರು ವರ್ಷ. ಊರಿನ ಪೋಸ್ಟಾಫೀಸ್ ಉಳಿಸಿಕೊಡುತ್ತೇನೆ ಅಂತ ನನ್ನ ಹೆಗಲಿಗೆ ಕೈ ಹಾಕಿ ಫೋಟೊ ತೆಗೆಸಿಕೊಂಡ. ಮುಂದಿನ ವಸಂತಕ್ಕೆ ಅದಕ್ಕೆ ಬೀಗ ಬಿತ್ತು. ಮೂವತ್ತೊಂದು ವರ್ಷ ಅಲ್ಲಿಂದಲೇ ಟಪಾಲು ಹಂಚಿದವನು ನಾನು. ಆ ಫೋಟೊ ನೋಡಿದರೆ ಈಗಲೂ ಮೈ ಉರಿಯುತ್ತದೆ.

ಜೂನ್ ೧೨

ಸಹಿ ಅಭಿಯಾನದ ಸಮಿತಿಯವರು ಒಮಾಹಾ ನಗರದಿಂದ ಒಬ್ಬನನ್ನು ಕಳಿಸಿದ್ದಾರೆ. ಡೆಲ್ವಿನ್ ಅಂತೆ. ಸಹಿಗೆ ಇಷ್ಟು ಅಂತ ಕೂಲಿ. ಮಿರಿಮಿರಿ ಬೂಟು, ಬಾಯಿ ತುಂಬ ನಗು. ಇಲ್ಲಿನ ಹಾಳೆಗಳನ್ನೆಲ್ಲ ಒಟ್ಟು ಮಾಡಿ ಕಳಿಸುವವನು ನಾನು, ಅವನವೂ ನನ್ನ ಕೈ ದಾಟಿಯೇ ಹೋಗಬೇಕು. ನೋಡಿಕೊಳ್ಳುತ್ತೇನೆ.

ಜೂನ್ ೧೯

ಕಿರಾಣಿ ಅಂಗಡಿ ಮುಂದೆ ಡೆಲ್ವಿನ್‌ಗೆ ಒಂದೇ ಮಧ್ಯಾಹ್ನ ಎಪ್ಪತ್ತು ಸಹಿಯಂತೆ. ಕೊಯ್ಲಿನ ವಾರದಲ್ಲಿ! ಕನ್ನಡಕ ಒರೆಸಿಕೊಂಡು ಒಂದೊಂದೇ ಸಾಲು ನೋಡಿದೆ. ಈ ಕೌಂಟಿಯಲ್ಲಿ ಯಾವ ಕೈಬರಹ ಯಾರದೆಂದು ನನಗೆ ಬಾಯಿಪಾಠ.

ನಾಲ್ಕನೇ ಹಾಳೆ. ಆರ್ಡಿಸ್ ಕೋಲ್ಬೆಕ್. ನನ್ನ ಹೆಂಡತಿ, ಅವಳದೇ ಗುಂಡಕ್ಷರ. ಅದರ ಕೆಳಗೆ — ಎಮೆಟ್ ಕೋಲ್ಬೆಕ್.

ನಾನು ಹಾಕಿಲ್ಲ. ನನ್ನ ಸಹಿ ಇರುವುದು ನನ್ನದೇ ಹಾಳೆಯ ಮೊದಲ ಸಾಲಿನಲ್ಲಿ. ಇದು ಓರೆ ಬರಹ, ‘ಕೆ’ಗೆ ಚೇಳಿನ ಕೊಂಡಿಯಂಥ ಬಾಲ. ಅವಳ ವಿಳಾಸ ನೋಡಿ ಗಂಡನನ್ನೂ ತುಂಬಿಕೊಂಡಿದ್ದಾನೆ. ಸಿಕ್ಕಿಬಿದ್ದ.

ಆರ್ಡಿಸ್‌ಗೆ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಚರ್ಚಿಗೆಲ್ಲ ಗೊತ್ತಾಗುತ್ತದೆ.

ಜೂನ್ ೨೦

ಪಿಕಪ್‌ನಲ್ಲಿ ಕೂತು ಅಂಗಡಿ ಬಾಗಿಲು ಕಾದೆ. ಡೆಲ್ವಿನ್ ಎಲ್ಲರಿಗೂ ಪೆನ್ನು ಕೊಡುತ್ತಾನೆ, ಬಾಗಿಲು ಹಿಡಿಯುತ್ತಾನೆ. ಏನೂ ತಪ್ಪು ಕಾಣಲಿಲ್ಲ. ಅಷ್ಟು ಹುಷಾರು.

ಹಾಲು ತರೋಕೆ ಎರಡು ಗಂಟೆ ಬೇಕಾ, ಅಂದಳು ಆರ್ಡಿಸ್.

ಜೂನ್ ೨೪

ಡೆಲ್ವಿನ್‌ನನ್ನು ಮುಖದ ಮೇಲೇ ಕೇಳಿದೆ. ಹಾಳೆಯ ಕೆಳಗೆ ಪ್ರಮಾಣ ಮಾಡಿದ್ದೀಯ, ಎಲ್ಲರೂ ನನ್ನ ಕಣ್ಣೆದುರೇ ಹಾಕಿದ್ದು ಅಂತ. ನಾನು ಯಾವಾಗ ಹಾಕಿದೆ?

ಅವನ ನಗು ನಿಂತಿತು. “ಮನೇಲಿ ಒಂದ್ಸಲ ಕೇಳಿ ನೋಡಿ ಯಜಮಾನ್ರೇ,” ಅಂದ.

ನನ್ನ ಹೆಂಡತಿಯನ್ನು ಮಧ್ಯಕ್ಕೆ ಎಳೆದ! ಕೌಂಟಿ ಕಚೇರಿಯಲ್ಲಿ ನೋಡೋಣ ಅಂತ ಹೇಳಿ ಬಂದೆ.

ಜೂನ್ ೨೯, ಸೋಮವಾರ

ಹೇಗೆ ಬರೆಯಲಿ...

ಲೆನೋರ್ ಕೌಂಟಿ ಗುಮಾಸ್ತೆ. ನನ್ನ ಜೊತೆ ಓದಿದವಳು. ಎರಡೂ ಹಾಳೆ ಮುಂದಿಟ್ಟೆ. ಮತದಾರರ ನೋಂದಣಿ ಕಾರ್ಡ್ ತೆಗೆ, ಹೋಲಿಸು ಅಂದೆ. ತೆಗೆದಳು. ಹೋಲಿಸಿದಳು.

“ಆ ಹುಡುಗನ ಹಾಳೇಲಿರೋದು ಸರಿಯಾಗೇ ಇದೆ, ಎಮೆಟ್. ಹೊಂದ್ತಾ ಇಲ್ದೇ ಇರೋದು ನಿನ್ನ ಹಾಳೇದು.”

ಕಾರ್ಡ್ ನನ್ನ ಕಡೆ ತಿರುಗಿಸಿದಳು. ೧೯೬೦. ಓರೆ ಬರಹ. ‘ಕೆ’ಗೆ ಕೊಂಡಿಯಂಥ ಬಾಲ.

ನನ್ನ ಹತ್ತೊಂಬತ್ತು ಹಾಳೆಗಳ ಕೆಳಗೂ ಪ್ರಮಾಣದ ಸಹಿ ನನ್ನದು. ಮುನ್ನೂರ ಅರವತ್ತೊಂದು ಜನರ ಹೆಸರು ಅದರ ಮೇಲೆ ನಿಂತಿದೆ. ಸಹಿ ಸಂಗ್ರಹಿಸುವವನು ನೋಂದಾಯಿತ ಮತದಾರನೇ ಆಗಿರಬೇಕು. ಕಾರ್ಡಿನ ಸಹಿ ನನ್ನದಲ್ಲ ಅಂದರೆ ನಾನು ಮತದಾರನೇ ಅಲ್ಲ, ಹಾಳೆಗಳೆಲ್ಲ ಕಸದ ಬುಟ್ಟಿಗೆ. ಮೇಲಾಗಿ ಅದನ್ನು ಯಾರು ಹಾಕಿದ್ದು ಅಂತ ಅವಳು ಬರೆದು ಕಳಿಸಲೇಬೇಕು. ಅದು ಅಪರಾಧ.

ಗುರುವಾರ ಬಂದು ನನ್ನೆದುರು ಸಹಿ ಹಾಕು, ಕಾರ್ಡಿಗೆ ಹೊಂದಿದರೆ ಎಲ್ಲ ಒಪ್ಪುತ್ತೇನೆ ಅಂದಳು. ಅನ್ನುವಾಗ ನನ್ನ ಮುಖ ನೋಡಲಿಲ್ಲ.

ಜೂನ್ ೩೦

ಆರ್ಡಿಸ್ ಬಟಾಣಿ ಬಿಡಿಸುತ್ತಿದ್ದಳು. ಕೇಳಿದೆ. ಕೈ ನಿಲ್ಲಿಸಲೂ ಇಲ್ಲ.

“ಅರವತ್ತರಲ್ಲಿ ಮತದಾರರ ನೋಂದಣಿಯವ್ನು ಅಡುಗೆಮನೆಗೇ ಬಂದಿದ್ದ. ನೀನು ಟಪಾಲು ಹಂಚೋಕೆ ಹೋಗಿದ್ದೆ. ಯಜಮಾನ್ರದ್ದೂ ನೀವೇ ಹಾಕ್ಬಿಡಿ ಅಂದ, ಹಾಕ್ದೆ. ಮಕ್ಕಳ ಶಾಲೆ ಕಾರ್ಡು, ತೆರಿಗೆ, ಡಾಕ್ಟರ ಕಾಗದ... ಎಲ್ಲಾ ನಾನೇ ಹಾಕಿದ್ದು. ಒಂದಿನ ಆದ್ರೂ ಕೇಳಿದ್ಯಾ?”

ಕೇಳಿಲ್ಲ. ಮತ ಹಾಕುವ ದಿನವೂ ಯಾರೂ ಹೋಲಿಸಿ ನೋಡಲಿಲ್ಲ. ಗಂಡಂದಿರ ರಿಜಿಸ್ಟರ್ಡ್ ಪತ್ರಗಳಿಗೆ ಹೆಂಡಂದಿರಿಂದ ಗಂಡನ ಹೆಸರು ಹಾಕಿಸಿಕೊಂಡು ಬಂದವನು ನಾನೇ. ಮೂವತ್ತೊಂದು ವರ್ಷ. ನಮ್ಮ ಕಡೆ ಹೊಲದಲ್ಲಿರುವ ಗಂಡಸನ್ನು ಒಂದು ಸಹಿಗಾಗಿ ಯಾರು ಕರೆಯುತ್ತಾರೆ?

ಡೆಲ್ವಿನ್ ಹಾಳೆಯಲ್ಲಿ ನನ್ನ ಸಹಿ ಯಾಕೆ ಹಾಕಿದೆ ಅಂದೆ.

“ಅದಕ್ಕೋಸ್ಕರ ನೀನು ಬಿಸಿಲಲ್ಲಿ ಅಲೀತಿದ್ದೆ. ನಿಂದೇ ಒಂದು ತಪ್ಪಿಹೋಗ್ಬಾರ್ದು ಅಂತ. ನೀನು ಹಾಕಿದ್ದೀಯೋ ಇಲ್ವೋ ನಂಗೇನಾದ್ರೂ ಹೇಳಿದ್ಯಾ?”

ನಾಚಿಕೆಯಾಯಿತು. ಹೊರಗಿನವನನ್ನು ಅನುಮಾನಿಸಿದೆ, ಮನೆಯಲ್ಲಿ ಒಂದು ಮಾತು ಕೇಳಲಿಲ್ಲ.

ಜುಲೈ ೧

ಡೆಲ್ವಿನ್‌ನ ಕ್ಷಮೆ ಕೇಳಿದೆ. ಬಾಗಿಲು ಹಿಡಿದು ಕಳಿಸಿಕೊಟ್ಟ. ಏನಾಯಿತೆಂದು ಕೇಳಲಿಲ್ಲ. ಅವನಿಗೆ ಎಷ್ಟು ಗೊತ್ತಿದೆಯೋ...

ಜುಲೈ ೨, ಗುರುವಾರ, ಬೆಳಗ್ಗೆ ೭

ಹತ್ತಕ್ಕೆ ಲೆನೋರ್. ಬ್ರಾಂಡ್ವಿಕ್‌ನನ್ನು ಸುಳ್ಳ ಅಂದವನು ನಾನು. ಅದು ನೆನಪಿದೆ. ಆದರೂ ಆರ್ಡಿಸ್ ಹೆಸರು ಆ ಕಚೇರಿಯಲ್ಲಿ ನನ್ನ ಬಾಯಿಂದ ಬರುವುದಿಲ್ಲ.

ಅವಳು ಪಕ್ಕದಲ್ಲೇ ಕಾಫಿ ಹಿಡಿದು ಕೂತಿದ್ದಾಳೆ. ಮಣಿಕಟ್ಟು ಸಡಿಲ ಬಿಡು ಅನ್ನುತ್ತಾಳೆ. ಬಾಲ ಕೊನೆಗೆ ಮೇಲೇಳಬೇಕಂತೆ.

ಎಮೆಟ್ ಕೋಲ್ಬೆಕ್
ಎಮೆಟ್ ಕೋಲ್ಬೆಕ್
“ನಿನ್ ಥರ ಬರೀಬೇಡ, ನನ್ ಥರ ಬರಿ.”
ಎಮೆಟ್ ಕೋಲ್ಬೆಕ್
ಎಮೆಟ್ ಕೋ