ಕಿಟಕಿಗೆ ತುರುಕಿದ ಚೀಲ

ನೆಲೋಗಿ
೧೨ ಮಾರ್ಚ್ ೧೯೮೭

ಪೂಜ್ಯ ಗುರುಗಳಿಗೆ ಅಣ್ಣಾರಾಯನ ಶರಣು.

ರಜಾ ಮುಗಿದರೂ ಬರಲಿಲ್ಲಂತ ಸಿಟ್ಟಾಗಬ್ಯಾಡ್ರಿ. ಮಗಳ ಎರಡೂ ಕಣ್ಣಿನ ಪೊರೆ ತೆಗೆದಾರ. ಕಣ್ಣು ಸ್ವಚ್ಛ ಆಗ್ಯಾವಂತ ಡಾಕ್ಟರು ಹೇಳಿದ್ದಕ್ಕ ನಮ್ಮ ಅತ್ತಿ ಓಣಿಗೆಲ್ಲಾ ಪೇಢೆ ಹಂಚಿದರು.

ಪೊರೆ ಹುಟ್ಟಿದಾಗಿಂದಲೇ ಇತ್ತಂತ್ರಿ. ಬಾಣಂತಿಗೆ ಗಾಳಿ ತಾಗಬಾರದಂತ ಇಲ್ಲಿ ಕಿಟಕಿಗೆ ಚೀಲ ತುರುಕಿ, ತಾಯಿ-ಕೂಸನ್ನ ತಿಂಗಳಗಟ್ಟಲೆ ಕತ್ತಲಕೋಣ್ಯಾಗ ಇಟ್ಟಿದ್ದರು. ಕೂಸಿನ ಕಣ್ಣಾಗಿನ ಬಿಳುಪು ಯಾರಿಗೂ ಕಾಣಲಿಲ್ಲ. ಕಂಡ ಮ್ಯಾಲೂ ಮದ್ದು, ಹರಕೆ ಅಂತ ಎರಡು ವರ್ಷ ಹೋದವು.

ನಮ್ಮ ಪ್ರಯೋಗಾಲಯದ ಬೆಕ್ಕಿನ ಮರಿಗಳನ್ನೂ ನಾವು ಹಂಗೇ ಕತ್ತಲದಾಗ ಬೆಳೆಸಿದ್ವಿ. ಕಣ್ಣು ಚಲೋ ಇದ್ದರೂ ಅವುಗಳ ಮಿದುಳಿನ ನೋಟದ ಭಾಗ ಕೆಲಸ ಬಿಟ್ಟು, ಸಕ್ಕರೆ ತಗೋಳೋದೇ ಕಡಿಮಿ ಮಾಡಿತ್ತು. ಆ ಭಾಗ ಮಂಕಾಗಿ ಮೂಡಿದ ಫಿಲ್ಮು ಹಿಡಕೊಂಡು ನಾನು ಕುಣಿದಾಡಿದ್ದು ನಿಮಗ ನೆನಪಿರಬೇಕು.

ನನ್ನ ಹೆಂಡತಿ ಇಂದುಬಾಯಿ ದಿನಾ ಮಗಳ ಮುಂದ ದೀಪ ಹಿಡೀತಾಳ. ಕೈಬಳಿ ಸಪ್ಪಳಕ್ಕ ಕೂಸು ಹೊಳ್ಳಿದರ, "ನೋಡ್ರಿ, ದೀಪ ಕಾಣಾಕತ್ತದ" ಅಂತಾಳ. ನಾನು ಹೌದಂತೇನಿ.

ಹೊಸಾ ಮರಿಗಳನ್ನ ಇನ್ನೂ ಕತ್ತಲಿಗೆ ಹಾಕಿರದಿದ್ದರ ಹಾಕಬ್ಯಾಡ್ರಿ. ನನ್ನ ಜಾಗಾ ಬ್ಯಾರೆಯವರಿಗೆ ಕೊಡ್ರಿ.

ಇನ್ನೊಂದು ಮಾತು. ತನ್ನ ಗಂಡ ಕಣ್ಣಿನ ಮ್ಯಾಲೇ ಓದಾಕತ್ತಾನಂತ ಇಂದುಬಾಯಿ ಎಲ್ಲರ ಮುಂದ ಹೇಳ್ತಾಳ. ಕೂಸಿಗೆ ನೋಟ ಬರ್ತದೇನಂತ ಅದನ್ನ ಎತ್ತಿಕೊಂಡು ನಿಮ್ಮ ಹತ್ರ ಕೇಳಾಕ ಬಂದರೂ ಬಂದಾಳು. ಬಂದರ, ಅಣ್ಣಾರಾಯ ಪ್ರಯೋಗಾಲಯದಾಗ ಬೆಕ್ಕಿಗೆ ಹಾಲು ಹಾಕ್ತಿದ್ದ, ಅಷ್ಟೇ ಅಂತ ಹೇಳ್ರಿ.

ನಿಮ್ಮ ವಿದ್ಯಾರ್ಥಿ,
ಅಣ್ಣಾರಾಯ